ಸಹ್ತಿ ಬಸಿಯುವ ದೋಣಿ

ನಕ್ಷೆಯಲ್ಲಿ ಫಿನ್ಲೆಂಡ್ ದೇಶವನ್ನು ನೋಡಿದವರಿಗೆ, ಯಾರೋ ಹಸಿರು ಜಮಖಾನದ ಮೇಲೆ ನೀಲಿ ಮಸಿಯನ್ನು ಚಿಮುಕಿಸಿದಂತೆ ತೋರುತ್ತದೆ. ಆ ನೀಲಿಯ ಕಲೆಗಳಲ್ಲಿ ಉದ್ದನೆಯದೊಂದು, ದೇಶದ ನಡುವಿನಿಂದ ದಕ್ಷಿಣಕ್ಕೆ ಚಾಚಿಕೊಂಡಿದೆ. ಅದೇ ಪ್ಯಾಯ್ಯಾನ್ನೆ ಸರೋವರ. ರಾಜಧಾನಿ ಹೆಲ್ಸಿಂಕಿಯ ಜನ ಕುಡಿಯುವ ನೀರು ಇದರದೇ. ಬಂಡೆಯನ್ನು ಕೊರೆದು ನಿರ್ಮಿಸಿದ 120 ಕಿಲೋಮೀಟರು ಉದ್ದದ ಸುರಂಗದಲ್ಲಿ 1982ರಿಂದ ಅದು ಅಲ್ಲಿಗೆ ಹರಿಯುತ್ತಿದೆ. ಸರೋವರದ ತೆಂಕಣ ದಡಗಳಲ್ಲಿ ಹಬ್ಬಿರುವ ಹ್ಯಾಮೆ ಸೀಮೆಯ ರೈತರು ಇದೇ ನೀರಿನ ನೆರೆಯಲ್ಲಿ ನೂರಾರು ವರ್ಷಗಳಿಂದ ಒಂದು ಪಾನೀಯವನ್ನು ಮನೆಯಲ್ಲಿಯೇ ಮಾಡುತ್ತ ಬಂದಿದ್ದಾರೆ. ಅದರ ಹೆಸರು ಸಹ್ತಿ.

ಸಹ್ತಿಯೆಂದರೆ ಒಂದು ಬಗೆಯ ಬಿಯರು. ಈ ಮಾತನ್ನು ಕೇಳಿ ವಾಚಕರು ಹುಬ್ಬು ಗಂಟಿಕ್ಕಬಾರದು. ನಾನು ಪಾನಪ್ರಿಯನಲ್ಲ, ಅದರ ಗುಣಗಾನ ಮಾಡಲು ಲೇಖನಿ ಹಿಡಿದವನೂ ಅಲ್ಲ. ನನ್ನ ಕುತೂಹಲವನ್ನು ಸೆಳೆದದ್ದು ಅದನ್ನು ತಯಾರಿಸುವ ಸಲಕರಣೆ. ಎಸ್ಪೋ ನಗರದಲ್ಲಿ ಉದ್ಯೋಗದಲ್ಲಿರುವ ಮಿತ್ರರೊಬ್ಬರು, ಜೂನ್ ತಿಂಗಳ ಕೊನೆಗೆ ಬರುವ ಯುಹಾನ್ನುಸ್ ಹಬ್ಬಕ್ಕೆ ಮೊದಲು, ತಮ್ಮ ಸಹೋದ್ಯೋಗಿಯ ಮನೆಗೆ ನನ್ನನ್ನು ಕರೆದೊಯ್ದರು. ಸೂರ್ಯನು ಮುಳುಗಿಯೂ ಮುಳುಗದಂತಿರುವ ಆ ದಿನಗಳಲ್ಲಿ ಊರಿಗೆ ಊರೇ ಹಳ್ಳಿಗಳ ಕಡೆಗೆ ಹೊರಡುತ್ತದೆ. ಸರೋವರದ ಪೂರ್ವಕ್ಕಿರುವ ಸಿಸ್ಮ್ಯಾ ಎಂಬ ಊರಿನ ಹೊರಗೆ, ಬರ್ಚ್ ಮರಗಳ ನಡುವೆ, ಕೆಂಪು ಬಣ್ಣ ಬಳಿದ ಮರದ ಮನೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ, ಆಕೆಯ ಮಗ, ಓದಲು ತಾಂಪೆರೆಯಲ್ಲಿದ್ದು ಹಬ್ಬಕ್ಕೆಂದು ಬಂದಿದ್ದ ಮೊಮ್ಮಗಳು. ಅಜ್ಜಿಯ ಮಾತನ್ನು ಮಿತ್ರರು ನನಗೆ ಕನ್ನಡದಲ್ಲಿ ತಿಳಿಸುತ್ತಿದ್ದರು.

ಮೊದಲು ಕೆಲಸದ ತತ್ತ್ವವನ್ನು ಹೇಳಬೇಕು. ಬಾರ್ಲಿ ಧಾನ್ಯವನ್ನು ನೆನೆಯಿಟ್ಟು, ಮೊಳೆಯಿಸಿ, ಒಣಗಿಸಿದರೆ ಅದು ಮಾಲ್ಟ್ ಆಗುತ್ತದೆ. ನಮ್ಮ ತಾಯಂದಿರು ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳೆಯಿಸಿ, ಒಣಗಿಸಿ, ಬೀಸಿ ಎಳೆಯ ಮಕ್ಕಳಿಗೆ ಸರಿ ಮಾಡುವುದಿಲ್ಲವೆ? ಎರಡರ ಒಳಗುಟ್ಟೂ ಒಂದೇ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯನ್ನಾಗಿ ಒಡೆಯುವ ಕಿಣ್ವಗಳು ಹುಟ್ಟಿಕೊಳ್ಳುತ್ತವೆ. ನುಚ್ಚು ಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ಕದಡಿ, ಸುಮಾರು 65 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೆರಡು ಗಂಟೆ ಇಟ್ಟರೆ ಆ ಗಂಜಿ ತಾನಾಗಿಯೇ ಸಿಹಿಯಾಗುತ್ತದೆ. ಶಾಖ ಇಳಿದರೆ ಕೆಲಸ ಸಾಗದು. 80 ಡಿಗ್ರಿಗೆ ಏರಿದರೆ ಕಿಣ್ವಗಳೇ ನಾಶವಾಗುತ್ತವೆ. ಆಮೇಲೆ ಸಿಹಿರಸವನ್ನು ಹೊಟ್ಟಿನಿಂದ ಬೇರ್ಪಡಿಸಬೇಕು, ತಣಿಸಬೇಕು, ಹುದುಗೆಬ್ಬಿಸಬೇಕು. ಆದುದರಿಂದ ಬೇಕಾದ ಸಲಕರಣೆಗಳು ನಾಲ್ಕೇ: ನೀರು ಕಾಯಿಸಲು ಒಂದು, ಶಾಖ ಹಿಡಿದಿಡಲು ಒಂದು, ಬಸಿಯಲು ಒಂದು, ಹುದುಗಿಗೆ ಒಂದು.

ಪೇಟೆಯಲ್ಲಿ ಇವೆಲ್ಲ ಹೊಳೆಯುವ ಉಕ್ಕಿನ ಯಂತ್ರಗಳಾಗಿ ದೊರೆಯುತ್ತವೆ. ಈ ಮನೆಯಲ್ಲಿ ಮಾತ್ರ ಒಂದೂ ಅಂಗಡಿಯಿಂದ ಬಂದದ್ದಲ್ಲ. ನೀರು ಕಾಯುತ್ತಿದ್ದುದು ಸೌನಾ ಸ್ನಾನದ ಮನೆಯ ಒಲೆಗೆ ಹೂಡಿದ ಹಂಡೆಯಲ್ಲಿ. ಹಿಂದೆ ದೊಡ್ಡ ಕಬ್ಬಿಣದ ಹಂಡೆ ದುರ್ಲಭವಾಗಿದ್ದ ಕಾಲದಲ್ಲಿ, ಕಲ್ಲುಗಳನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮರದ ತೊಟ್ಟಿಯ ನೀರಿಗೆ ಹಾಕುತ್ತಿದ್ದರಂತೆ. ಶಾಖ ಹಿಡಿದಿಡಲು, ಹಸುಗಳನ್ನು ಮಾರಿದ ಮೇಲೆ ಮೂಲೆಗೆ ಬಿದ್ದಿದ್ದ ಹಾಲಿನ ತೊಟ್ಟಿ. ಅದರ ಗೋಡೆ ಎರಡು ಪದರದ್ದು. ಹಾಲಿನ ತಂಪು ಹೊರಹೋಗದಂತೆ ಕಾಯುತ್ತಿದ್ದ ಆ ಗೋಡೆಯೇ ಈಗ ಗಂಜಿಯ ಬಿಸಿಯನ್ನು ಕಾಯುತ್ತದೆ. ಹುದುಗಿಗೆ, 40 ಲೀಟರು ಹಿಡಿಯುವ ಎರಡು ಅಲ್ಯೂಮಿನಿಯಂ ಹಾಲಿನ ಕ್ಯಾನುಗಳು. ಹಾಲು ಒಯ್ಯಲು ಟ್ಯಾಂಕರು ಲಾರಿಗಳು ಬಂದಾಗ ನಿರುದ್ಯೋಗಿಗಳಾದ ಈ ಕ್ಯಾನುಗಳಿಗೆ ಸಹ್ತಿ ಹೊಸ ಚಾಕರಿ ಕೊಟ್ಟಿತು.

ಇನ್ನು ಬಸಿಯುವ ಸಲಕರಣೆ. ಇದರ ಹೆಸರು ಕೂರ್ನ. ಆಸ್ಪೆನ್ ಮರದ ದಿಮ್ಮಿಯನ್ನು ಉದ್ದಕ್ಕೆ ತೋಡಿದ ದೋಣಿ. ನಮ್ಮ ಹಳ್ಳಿಗಳಲ್ಲಿ ದನಗಳಿಗೆ ನೀರಿಡುವ ದೋಣಿಯಂತೆಯೇ. ಒಂದು ತುದಿಯಲ್ಲಿ ತೂತು, ಅದಕ್ಕೊಂದು ಬೆಣೆ. ತಳಕ್ಕೆ ಮರದ ಪಟ್ಟಿಗಳನ್ನು ಜೋಡಿಸಿ, ಮೇಲೆ ರೈ ಹುಲ್ಲನ್ನೂ ಜೂನಿಪರ್ ಗಿಡದ ಹಸಿರು ಕೊಂಬೆಗಳನ್ನೂ ಹಾಸುತ್ತಾರೆ. ಹುಲ್ಲು ಸೋಸುತ್ತದೆ, ಜೂನಿಪರ್ ಸುವಾಸನೆ ಕೊಡುತ್ತದೆ. ಮಾಲ್ಟಿನ ಹೊಟ್ಟು ಹುಲ್ಲಿನ ಮೇಲೆ ಕೂತು ತಾನೇ ಇನ್ನೊಂದು ಜರಡಿಯಾಗುತ್ತದೆ.

ಆ ಮನೆಯ ಹಳೆಯ ಕೂರ್ನ ಎರಡು ಚಳಿಗಾಲಗಳ ಹಿಂದೆ ಒಣಗಿ, ಉದ್ದಕ್ಕೂ ಸೀಳಿಹೋಗಿತ್ತು. ಅಜ್ಜಿ ಮದುವೆಯಾಗಿ ಬಂದಾಗಲೇ ಅದು ಹಳೆಯದಂತೆ. ಅಷ್ಟು ದಪ್ಪದ ಆಸ್ಪೆನ್ ಮರ ಹತ್ತಿರದಲ್ಲಿ ಸಿಗಲಿಲ್ಲ. ಸಿಕ್ಕಿದ್ದರೂ ತೋಡುವ ಕೈ ಉಳಿದಿರಲಿಲ್ಲ. ಎರಡು ವರ್ಷ ಆ ಮನೆಯ ಹಬ್ಬಗಳು ಸಹ್ತಿಯಿಲ್ಲದೆ ಕಳೆದುವು. ಮಗನು ಈ ವರ್ಷ ಉಕ್ಕಿನ ತಗಡನ್ನು ಅದೇ ಅಳತೆಗೆ ಬಗ್ಗಿಸಿ, ಬೆಸೆಸಿ, ಹೊಸತೊಂದನ್ನು ಮಾಡಿಸಿದ್ದ. ಅದರಲ್ಲಿ ಮೊದಲ ಸಲ ಬಸಿಯುವ ದಿನವೇ ನಾವು ಹೋದದ್ದು. ಅಜ್ಜಿ ಹೆಚ್ಚು ಮಾತನಾಡಲಿಲ್ಲ. ಹಳೆಯ ದೋಣಿಯ ಇಳಿಜಾರು ಎಷ್ಟಿತ್ತೆಂಬುದನ್ನು ಮಾತ್ರ ಕೇಳಿ, ಹೊಸದರ ಹಿಂಬದಿಗೆ ಒಂದು ತೆಳುವಾದ ಹಲಗೆ ಕೊಡಿಸಿದರು.

ಲಾಹ್ತಿ ಪಟ್ಟಣದ ಕಾರ್ಖಾನೆಯಿಂದ ಬಂದ 40 ಕಿಲೋಗ್ರಾಂ ಮಾಲ್ಟ್. ಅದರಲ್ಲಿ ಒಂದಿಷ್ಟು ರೈ. ಬೆಳಿಗ್ಗೆಯಿಂದ ಬಿಸಿನೀರನ್ನು ಕಂತುಕಂತಾಗಿ ಹುಯ್ದು, ಮಧ್ಯಾಹ್ನದ ಹೊತ್ತಿಗೆ ಗಂಜಿಯನ್ನು ಬಕೆಟ್ಟುಗಳಲ್ಲಿ ಮೊಗೆದು ಕೂರ್ನಕ್ಕೆ ಸುರಿದರು. ಮಗನು ಬೆಣೆಯನ್ನು ಸಡಿಲಿಸಿದ. ಕಂದುಬಣ್ಣದ ರಸ ಧಾರೆಯಾಗಿ ಇಳಿಯಿತು. ಮೊದಲ ಹನಿಗಳು ಮಬ್ಬಾಗಿರುವುದರಿಂದ ಅವನ್ನು ಮತ್ತೆ ಮೇಲಕ್ಕೇ ಹುಯ್ದರು. ಒಂದು ಬಟ್ಟಲನ್ನು ನನಗೂ ಕೊಟ್ಟರು. ಹುದುಗು ಸೋಕದ ಆ ರಸದಲ್ಲಿ ಮದ್ಯದ ಅಂಶವಿಲ್ಲ, ಮಕ್ಕಳೂ ಕುಡಿಯುತ್ತಾರೆ. ಬಿಸಿಬೆಲ್ಲದ ನೀರಿಗೆ ಕಾಡಿನ ಪರಿಮಳ ಬೆರೆತಂತಿತ್ತು.

ಕಾಲು ಕ್ಯಾನು ತುಂಬುವಷ್ಟರಲ್ಲಿ ಧಾರೆ ದಾರವಾಯಿತು, ದಾರ ಹನಿಯಾಯಿತು, ಹನಿಯೂ ನಿಂತಿತು. ಮಗನು ಬೆಣೆಯನ್ನು ಪೂರ್ತಿ ತೆಗೆದುಬಿಟ್ಟ, ಏನೂ ಬರಲಿಲ್ಲ. ಬಾರ್ಲಿಗೆ ಹೊಟ್ಟುಂಟು, ರೈಗೆ ಇಲ್ಲ. ಅದು ಅಂಟಾಗಿ ಹುಲ್ಲಿನ ಸಂದುಗಳಲ್ಲಿ ಕೂತುಬಿಡುತ್ತದೆ. ಅವಸರದಿಂದ ಎಳೆದರೆ ಹಾಸು ಬಿಗಿದುಕೊಳ್ಳುತ್ತದೆ. ಗಂಜಿ ತಣಿದರೆ ಇನ್ನೂ ಮಂದವಾಗುತ್ತದೆ, ಹುಳಿಯುತ್ತದೆ. ಮೂರನೆಯ ವರ್ಷವೂ ಹಬ್ಬ ಬರಿದಾಗುವ ಹಾಗಿತ್ತು. ಮಗನ ಮುಖ ಕಪ್ಪಿಟ್ಟಿತು. ಉಕ್ಕಿನ ದೋಣಿಯನ್ನು ಮಾಡಿಸಬಾರದಿತ್ತೆಂದು ಆತ ಗೊಣಗಿಕೊಂಡನಂತೆ.

ಅಜ್ಜಿ ಎದ್ದು ಬಂದರು. ಬೆಣೆಯನ್ನು ಮತ್ತೆ ಬಿಗಿದರು. ಹಂಡೆಯಿಂದ ಒಂದು ಬಕೆಟ್ಟು ಬಿಸಿನೀರು ತರಿಸಿ, ದೋಣಿಯ ಉದ್ದಕ್ಕೂ ನಿಧಾನವಾಗಿ ಹುಯ್ಯಿಸಿದರು. ಮರದ ಸೌಟಿನಿಂದ ಮೇಲ್ಪದರವನ್ನು ಮಾತ್ರ ತುಸು ಕೆದಕಿ, ಕೈಕಟ್ಟಿ ಕುಳಿತುಬಿಟ್ಟರು. ಅರ್ಧ ಗಂಟೆ ಯಾರೂ ಮಾತನಾಡಲಿಲ್ಲ. ಆಮೇಲೆ ಮೊಮ್ಮಗಳನ್ನು ಕರೆದು, “ನೀನು ತೆಗೆ. ಕೂದಲೆಳೆಯಷ್ಟು ಮಾತ್ರ” ಎಂದರು. ಹುಡುಗಿ ಬೆಣೆಯನ್ನು ತಿರುಗಿಸಿದಳು. ಹೊಲಿಗೆಯ ನೂಲಿನಷ್ಟು ತೆಳುವಾದ ಧಾರೆಯೊಂದು ಹೊರಟಿತು. ಸಂಜೆಯವರೆಗೂ ಅದು ನಿಲ್ಲಲಿಲ್ಲ.

“ಉಕ್ಕಿನದಾದರೇನು, ಮರದ್ದಾದರೇನು? ದೋಣಿ ಬಸಿಯುವುದಿಲ್ಲ, ಹಾಸು ಬಸಿಯುತ್ತದೆ,” ಎಂದು ಅಜ್ಜಿ ಮಗನಿಗೆ ಹೇಳಿದರು.

ಈ ಮಾತು ನನಗೆ ಆ ನಾಡಿನ ಮಹಾಕಾವ್ಯವನ್ನು ನೆನಪಿಗೆ ತಂದಿತು. ಎಲಿಯಾಸ್ ಲ್ಯೋನ್‌ರೋಟ್ ಎಂಬ ವೈದ್ಯರು ಜನರ ಬಾಯಿಯಿಂದ ಹಾಡುಗಳನ್ನು ಸಂಗ್ರಹಿಸಿ, 1835ರಲ್ಲಿ ಮೊದಲು, 1849ರಲ್ಲಿ ವಿಸ್ತರಿಸಿ ಪ್ರಕಟಿಸಿದ ‘ಕಾಲೆವಾಲ’ದ ಇಪ್ಪತ್ತನೆಯ ಸರ್ಗದಲ್ಲಿ ಬಿಯರಿನ ಜನ್ಮಕಥೆಯಿದೆ. ಓಸ್ಮೋತರ್ ಎಂಬಾಕೆ ಎಲ್ಲವನ್ನೂ ಸಿದ್ಧಪಡಿಸಿದಳು; ಹುದುಗು ಮಾತ್ರ ಏಳಲಿಲ್ಲ. ಅಳಿಲು ತಂದ ಮರದ ಕಾಯಿಗಳನ್ನು ಹಾಕಿದಳು, ಆಗಲಿಲ್ಲ. ಕರಡಿಯ ಬಾಯಿನೊರೆಯನ್ನು ತರಿಸಿ ಹಾಕಿದಳು, ಆಗಲಿಲ್ಲ. ಕೊನೆಗೆ ಜೇನುನೊಣ ತಂದ ಮಧುವಿನಿಂದ ಅದು ಉಕ್ಕೇರಿತು. ಕೈಗೆ ಸಿಕ್ಕಿದ್ದನ್ನು ಪರೀಕ್ಷಿಸಿ, ಒದಗದಿದ್ದರೆ ಬದಲಿಸುವುದೇ ಈ ಕಲೆಯ ಮೊದಲ ಪಾಠವೆಂದು ಆ ಜಾನಪದ ಕವಿಗಳು ಬಲ್ಲವರಾಗಿದ್ದರು. ಈಗ ಆ ಮಧುವಿನ ಸ್ಥಾನದಲ್ಲಿ ಕಿರಾಣಿ ಅಂಗಡಿಯ 50 ಗ್ರಾಂ ಬ್ರೆಡ್ಡಿನ ಯೀಸ್ಟ್ ಬಂದಿದೆ.

ಐರೋಪ್ಯ ಒಕ್ಕೂಟವು 2002ರಲ್ಲಿ ಸಹ್ತಿಯ ಹೆಸರನ್ನು ಸಾಂಪ್ರದಾಯಿಕ ವಿಶೇಷ ಪದಾರ್ಥವೆಂದು ನೋಂದಾಯಿಸಿ ರಕ್ಷಣೆ ಕೊಟ್ಟಿತು. ಹೆಸರನ್ನು ಕಾಗದವು ಕಾಪಾಡಬಲ್ಲದು. ಧಾರೆ ನಿಂತಾಗ ಮಾಡಬೇಕಾದುದು ಕಾಗದದಲ್ಲಿ ದೊರೆಯದು. ಅದು ಕೈಯಿಂದ ಕೈಗೆ ದಾಟಬೇಕು. ಹಳೆಯ ಪಾತ್ರೆ ಒಡೆದಾಗ ಸಂಪ್ರದಾಯವೇ ಒಡೆಯಿತೆಂದು ನಾವು ದುಃಖಿಸುವುದುಂಟು. ಪಾತ್ರೆಯ ಕೆಲಸವನ್ನು ಬಲ್ಲವರು ಇರುವ ತನಕ ಹಾಲಿನ ಕ್ಯಾನೂ ತಗಡೂ ಸಾಕು. ಬಲ್ಲವರು ಹೋದ ಮೇಲೆ ವಸ್ತುಸಂಗ್ರಹಾಲಯದ ಆಸ್ಪೆನ್ ದೋಣಿಯಿಂದ ಏನು ಪ್ರಯೋಜನ?

ರಾತ್ರಿ ಹತ್ತು ಗಂಟೆಯ ಬಿಸಿಲಿನಲ್ಲಿ ಎರಡು ಕ್ಯಾನುಗಳನ್ನೂ ತಣ್ಣೀರಿನ ತೊಟ್ಟಿಯಲ್ಲಿಳಿಸಿ ತಣಿಸಿ, ಯೀಸ್ಟ್ ಕದಡಿದರು. ಮೂರು ದಿನ ಹುದುಗು, ಆಮೇಲೆ ನೆಲಮಾಳಿಗೆಯ ತಂಪು. ಕುದಿಸದ ಪಾನೀಯವಾದುದರಿಂದ ಕೆಲವೇ ವಾರಗಳಲ್ಲಿ ಕೆಡುತ್ತದೆ. ಕೂಡಿಡುವಂತಿಲ್ಲ, ಹಂಚಿ ಮುಗಿಸಬೇಕು. ಉಳಿದ ಹಿಂಡಿಯನ್ನು ನೆರೆಮನೆಯ ದನಗಳಿಗೆಂದು ಮಗನು ಗಾಡಿಗೆ ತುಂಬುತ್ತಿದ್ದ. ಮೊಮ್ಮಗಳು ಉಕ್ಕಿನ ದೋಣಿಯನ್ನು ತೊಳೆದು, ಹಿಂಬದಿಗೆ ಕೊಟ್ಟಿದ್ದ ಹಲಗೆಯ ದಪ್ಪವನ್ನು ಬೆರಳಿನಿಂದ ಅಳೆದು ನೋಡುತ್ತಿದ್ದಳು.