ಮುಗಿಲಾಗಿನ ಲೆಕ್ಕ

ನಮ್ಮ ಸೊಸೈಟಿಯಿಂದ ಎರಡು ಗಲ್ಲಿ ದಾಟಿದರೆ ವಿಜಯಪುರ ಕಡೆಯ ಕಾಕಾ ಒಬ್ಬರ ಖಾನಾವಳಿ ಇದೆ. ಪುಣೆಗೆ ಬಂದು ಹದಿನೇಳು ವರ್ಷವಾದರೂ ಭಾನುವಾರದ ಜೋಳದ ರೊಟ್ಟಿ, ಎಣ್ಣೆಗಾಯಿ ನನಗೆ ಅಲ್ಲೇ ಆಗಬೇಕು. ಒಂದು ಭಾನುವಾರ ಕೈತೊಳೆದು ಹೊರಡುವಾಗ ಕಾಕಾ ಗಲ್ಲಾದ ಹತ್ತಿರ ನಿಲ್ಲಿಸಿಕೊಂಡರು.

“ತಮ್ಮಾ, ನೀ ಕಂಪ್ಯೂಟರಿನವ ಅದಿ. ಈ ಕ್ಲೌಡ್ ಅಂದ್ರ ಏನಪಾ? ಬಿಲ್ಲಿನ ಸಾಫ್ಟ್‌ವೇರ್ ಮಾರೋ ಹುಡುಗ ಬಂದಿದ್ದ. ಲೆಕ್ಕ ಎಲ್ಲಾ ಕ್ಲೌಡಿನಾಗ ಇಡ್ರಿ, ತಿಂಗಳಾ ಇಷ್ಟು ಕೊಡ್ರಿ ಅಂತಾನ. ನನ್ನ ಲೆಕ್ಕ ಮುಗಿಲಾಗ ಇಟ್ಟು ನಾ ಏನ ಮಾಡ್ಲಿ?”

ನನ್ನ ಹೊಟ್ಟೆಪಾಡೇ ಇದು. ಎಂಟು ವರ್ಷಗಳಿಂದ ಕಂಪನಿಗಳ ಹಳೆಯ ಸರ್ವರ್‌ಗಳಲ್ಲಿರುವುದನ್ನು ಕ್ಲೌಡಿಗೆ ಸಾಗಿಸುವ ಪ್ರಾಜೆಕ್ಟುಗಳನ್ನು ನಡೆಸುತ್ತಿದ್ದೇನೆ. ಆದರೆ ನಾನು ಮೀಟಿಂಗಿನಲ್ಲಿ ತೋರಿಸುವ ಸ್ಲೈಡುಗಳಲ್ಲಿ ಕಾಕಾಗೆ ತಿಳಿಯುವಂಥ ಒಂದು ಸಾಲೂ ಇರಲಿಲ್ಲ. ಅತ್ತಿತ್ತ ನೋಡಿದಾಗ ಅಡುಗೆಮನೆಯ ಮೂಲೆಯಲ್ಲಿ ಬೋರಲು ಹಾಕಿದ್ದ ದೊಡ್ಡ ಪಾತ್ರೆ ಕಾಣಿಸಿತು.

“ಕಾಕಾ, ಐನೂರು ಮಂದಿ ಮದುವಿ ಆರ್ಡರ್ ಬಂದ್ರ ಬಾಂಡೆ ಎಲ್ಲಿಂದ ತರ್ತೀರಿ?”

“ಬಾಡಿಗಿಗಿ ತರತೀನಿ.”

“ಯಾಕ, ಕೊಳ್ಳೂದಿಲ್ಲೇನು?”

“ವರ್ಷಕ್ಕ ನಾಕು ಸಲ ಬೇಕಾಗೂದಕ್ಕ ಯಾರು ರೊಕ್ಕ ಹಾಕ್ತಾರೋ? ಇಡಾಕ ಜಾಗಾ ಎಲ್ಲಿ ಅದ?”

ಕ್ಲೌಡ್ ಅಂದರೆ ಬಹುಮಟ್ಟಿಗೆ ಇಷ್ಟೇ, ಬಾಡಿಗೆಗೆ ಸಿಗುವ ಕಂಪ್ಯೂಟರು. ಬೇಕಾದಾಗ ತಗೊಳ್ಳಿ, ಬಳಸಿದಷ್ಟಕ್ಕೆ ಕೊಡಿ, ಸಾಕಾದಾಗ ವಾಪಸ್ ಮಾಡಿ. ಅಮೆಜಾನ್ ಕಂಪನಿ 2006ರಲ್ಲಿ ಮೊದಲು ಫೈಲು ಇಡುವ ಜಾಗವನ್ನೂ ಆಮೇಲೆ ಕಂಪ್ಯೂಟರ್ ಶಕ್ತಿಯನ್ನೂ ಹೀಗೆ ಬಾಡಿಗೆಗೆ ಬಿಟ್ಟಿತು. ಬಾಡಿಗೆಯಲ್ಲೂ ಮೂರು ಬಗೆ. ಬರೀ ಪಾತ್ರೆ ತಂದು ಅಡುಗೆ ನೀವೇ ಮಾಡಿಕೊಳ್ಳುವುದು ಒಂದು. ಒಲೆ, ಗ್ಯಾಸು, ನೀರು ಎಲ್ಲ ಇರುವ ಛತ್ರ ಹಿಡಿದು ಅಡುಗೆಯವರನ್ನಷ್ಟೇ ಕರೆದುಕೊಂಡು ಹೋಗುವುದು ಇನ್ನೊಂದು. ಸುಮ್ಮನೆ ಕಾಕಾನ ಖಾನಾವಳಿಗೆ ಬಂದು ತಟ್ಟೆ ಮುಂದೆ ಕೂರುವುದು ಮೂರನೆಯದು. ಜಿಮೇಲ್ ಬಳಸುವ ನಾವೆಲ್ಲ ಈ ಮೂರನೆಯ ಬಗೆಯ ಗಿರಾಕಿಗಳು. ಆ ಹುಡುಗ ಮಾರಲು ಬಂದಿದ್ದ ಬಿಲ್ಲಿನ ಸಾಫ್ಟ್‌ವೇರೂ ಇದೇ ಬಗೆಯದು.

“ಆತು, ಬಾಡಿಗಿ. ಆದ್ರ ಆ ಕಂಪ್ಯೂಟರ್ ಎಲ್ಲಿ ಇರ್ತದ?”

ಮುಗಿಲಲ್ಲಂತೂ ಅಲ್ಲ. ಎಂಜಿನಿಯರುಗಳು ನಕ್ಷೆ ಬರೆಯುವಾಗ ‘ಆಚೆಯ ನೆಟ್‌ವರ್ಕು, ಒಳಗೇನಿದೆ ಅಂತ ನಮಗೆ ಬೇಡ’ ಅನ್ನುವುದನ್ನು ತೋರಿಸಲು ಮೋಡದ ಚಿತ್ರ ಬರೆಯುತ್ತಿದ್ದರು. ಆ ಹೆಸರೇ ಉಳಿದುಕೊಂಡಿತು. ನಿಜಕ್ಕೂ ಅವು ದೊಡ್ಡ ಕಟ್ಟಡಗಳಲ್ಲಿ ಸಾಲಾಗಿ ನಿಲ್ಲಿಸಿದ ಯಂತ್ರಗಳು. ಹಗಲೂ ರಾತ್ರಿ ಕರೆಂಟು ಬೇಕು, ತಂಪು ಮಾಡುತ್ತಿರಬೇಕು. ಮೈಕ್ರೋಸಾಫ್ಟ್ 2015ರಲ್ಲಿ ಭಾರತದ ಮೂರು ಕಡೆ ಇಂಥ ಕೇಂದ್ರಗಳಿಂದ ಸೇವೆ ಶುರು ಮಾಡಿದಾಗ ಅವುಗಳಲ್ಲಿ ಒಂದು ನಮ್ಮ ಪುಣೆ, ಉಳಿದೆರಡು ಮುಂಬೈ, ಚೆನ್ನೈ. ಮರುವರ್ಷ ಅಮೆಜಾನ್ ಮುಂಬೈಗೆ ಬಂತು. ಇದನ್ನು ಕೇಳಿ ಕಾಕಾ ನಕ್ಕರು. “ಅಂದ್ರ ನಮ್ಮ ಮುಗಿಲು ನಮ್ಮ ಊರಾಗ ಅದ ಅನ್ನು.”

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ತಡವರಿಸಿದೆ. “ಅಲ್ಲಿ ಇಟ್ಟದ್ದು ಎಂದೂ ಕಳೀದಿಲ್ಲ ಅಂತೀಯೇನು?”

ಬೇರೆ ಯಾರಾದರೂ ಕೇಳಿದ್ದರೆ ಹೌದು ಅನ್ನುತ್ತಿದ್ದೆನೇನೋ. ಕಾಕಾನ ಮುಂದೆ ಬಾಯಿ ಬರಲಿಲ್ಲ, ಅವ್ವನ ಫೋನು ನೆನಪಾಯಿತು.

ಅಪ್ಪ ತೀರಿಕೊಂಡದ್ದು 2023ರ ಜನವರಿಯಲ್ಲಿ. ಹಿಂದಿನ ಬೇಸಿಗೆಯಲ್ಲಿ, ಗದಗ ಹತ್ತಿರದ ನಮ್ಮ ಹೊಲದಲ್ಲಿ, ಅವ್ವ ತನ್ನ ಫೋನಿನಲ್ಲಿ ಅಪ್ಪನ ಹದಿನಾಲ್ಕು ವಿಡಿಯೋ ಮಾಡಿದ್ದಳು. ಹಳೆಯ ಡೀಸೆಲ್ ಎಂಜಿನ್ ಚಾಲೂ ಮಾಡುವುದು, ಎತ್ತಿನ ಮೈ ತೊಳೆಯುವುದು, ಫೋನು ಒಳಗಿಡು ಅಂತ ಅವ್ವನಿಗೇ ಬೈಯುವುದು. ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅವ್ವನ ಫೋನು ತುಂಬಿ ಒಂದು ಕರೆ ಎತ್ತಲೂ ಒದ್ದಾಡುತ್ತಿತ್ತು. ನಾನು ಸೆಟ್ಟಿಂಗ್ಸ್ ತೆರೆದೆ. ಬ್ಯಾಕಪ್ ಆನ್ ಇತ್ತು. “ಎಲ್ಲಾ ಕ್ಲೌಡಿನಾಗ ಅದಾವ ಅವ್ವಾ, ಚಿಂತಿ ಮಾಡಬ್ಯಾಡ” ಅಂದವನೇ ಫೋನಿನಲ್ಲಿದ್ದ ವಿಡಿಯೋಗಳನ್ನೆಲ್ಲ ಅಳಿಸಿದೆ. ಜಾಗ ಸಾಲದೆಂದು ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಅವ್ವ ನನ್ನ ಕೆಲಸದ ಮೇಲೆ ನಂಬಿಕೆಯಿಟ್ಟು ಚಹಾ ತಂದುಕೊಟ್ಟಳು.

ಜನವರಿಯಲ್ಲಿ ವರ್ಷದ ಕಾರ್ಯಕ್ಕೆ ಎಲ್ಲರೂ ಸೇರಿದಾಗ ಅವ್ವ ಫೋನು ಕೊಟ್ಟಳು. “ಅಪ್ಪ ಎಂಜಿನ್ ಚಾಲೂ ಮಾಡೂದು ತೋರಸು.” ಹುಡುಕಿದೆ. 2021ರವರೆಗಿನ ಫೋಟೋಗಳೆಲ್ಲ ಇದ್ದವು. ಆಮೇಲಿನದು ಏನೂ ಇರಲಿಲ್ಲ. ಉಚಿತವಾಗಿ ಕೊಡುವ ಜಾಗ ಆ ವರ್ಷವೇ ತುಂಬಿಹೋಗಿತ್ತು. ಬ್ಯಾಕಪ್ ಆನ್ ಇತ್ತು, ಆದರೆ ಏನೂ ಮೇಲೆ ಹೋಗುತ್ತಿರಲಿಲ್ಲ. ಜಾಗ ತುಂಬಿದೆ ಎಂಬ ಸೂಚನೆ ಇಂಗ್ಲಿಷಿನಲ್ಲಿ ಬರುತ್ತಲೇ ಇತ್ತು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಬರುವ ನಾನು ನೋಡಿರಲಿಲ್ಲ.

ತಪ್ಪು ಕ್ಲೌಡಿನದಲ್ಲ, ನನ್ನದು. ಆಫೀಸಿನಲ್ಲಿ ಮೂರು ತಿಂಗಳಿಗೊಮ್ಮೆ ರಿಸ್ಟೋರ್ ಡ್ರಿಲ್ ಮಾಡಿಸುತ್ತೇನೆ. ಅಂದರೆ ಬ್ಯಾಕಪ್ಪಿನಿಂದ ಫೈಲು ವಾಪಸ್ ತೆಗೆದು, ನಿಜಕ್ಕೂ ತೆರೆಯುತ್ತದೆಯೇ ಅಂತ ನೋಡುವುದು. ಗಿರಾಕಿಗಳ ಡೇಟಾಗೆ ಇದನ್ನು ತಪ್ಪದೆ ಮಾಡುವವನು ಅಪ್ಪನ ವಿಡಿಯೋಗೆ ಮಾಡಲಿಲ್ಲ.

ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ಎರಡು ದಿನ ಬಿಟ್ಟು ಕಾಳು ಹಸನು ಮಾಡುತ್ತಾ ಒಂದು ಮಾತು ಅಂದಳು. “ಬಿತ್ತೂ ಬೀಜಾನ ತಿನ್ನೂ ಕಾಳಿನ ಜೋಡಿ ಇಡ್ತಾರೇನೋ?”

ನನ್ನ ಎಂಟೆಕ್ ಪುಸ್ತಕಗಳಲ್ಲಿ ಇದಕ್ಕಿಂತ ಚೆನ್ನಾಗಿ ಬ್ಯಾಕಪ್ ಅಂದರೇನೆಂದು ಯಾರೂ ಹೇಳಿರಲಿಲ್ಲ. ನಮ್ಮ ಫೋನುಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಸಿಂಕ್. ಅದು ಕನ್ನಡಿ ಇದ್ದ ಹಾಗೆ. ನಿಮ್ಮ ಹಣೆಯ ಕುಂಕುಮ ಅಳಿಸಿದರೆ ಕನ್ನಡಿಯೊಳಗಿನದೂ ಅಳಿಯುತ್ತದೆ. ಬ್ಯಾಕಪ್ ಅಂದರೆ ಬೇರೆ ಕಡೆ, ಬೇರೆ ಗಂಟಿನಲ್ಲಿ ಕಟ್ಟಿಟ್ಟ ಬೀಜ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕ್ಲೌಡ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಹಾಳಾಯಿತು. ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಂಡಿದ್ದವರು ಮತ್ತೆ ಅಂಗಡಿ ತೆರೆದರು. ಇಟ್ಟುಕೊಳ್ಳದವರಲ್ಲಿ ಕೆಲವರ ಡೇಟಾ ವಾಪಸ್ ಬರಲೇ ಇಲ್ಲ.

ಇದೆಲ್ಲವನ್ನೂ ಅಂದು ಗಲ್ಲಾದ ಮುಂದೆ ನಿಂತೇ ಕಾಕಾಗೆ ಹೇಳಿದೆ. ಆಮೇಲೆ ಆ ಹುಡುಗನಿಗೆ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಅವರ ಬಿಲ್ ಪುಸ್ತಕದ ಹಿಂದೆ ಬರೆದುಕೊಟ್ಟೆ. ನನ್ನ ಲೆಕ್ಕವನ್ನು ನಾನೇ ಎಕ್ಸೆಲ್ ಫೈಲಾಗಿ ಇಳಿಸಿಕೊಳ್ಳಬಹುದೇ? ತಿಂಗಳ ಬಾಡಿಗೆ ಕಟ್ಟುವುದು ತಪ್ಪಿದರೆ ಎಷ್ಟು ದಿನ ಲೆಕ್ಕ ಕಾಯ್ದಿಡುತ್ತೀರಿ? ಇಂಟರ್‌ನೆಟ್ ಹೋದ ಹೊತ್ತಿನಲ್ಲಿ ಬಿಲ್ ಆಗುತ್ತದೆಯೇ? ಪಾಸ್‌ವರ್ಡ್ ಗೊತ್ತಾದ ಹುಡುಗ ಕೆಲಸ ಬಿಟ್ಟರೆ ಅವನನ್ನು ಹೊರಗಿಡುವುದು ಹೇಗೆ? ಬೀಗ ಅವರು ಕೊಡುತ್ತಾರೆ, ಕೀಲಿಕೈ ಯಾರ ಹತ್ತಿರ ಇದೆ ಅಂತ ನೋಡಿಕೊಳ್ಳುವುದು ನಮ್ಮ ಕೆಲಸ.

ಮನೆಯವರಿಗೆ ಇಷ್ಟು ಸಾಕು. ಗೂಗಲ್ ಖಾತೆಗೆ ಉಚಿತವಾಗಿ ಸಿಗುವುದು 15 ಜಿಬಿ, ಅದೂ ಮೇಲ್, ಡ್ರೈವ್, ಫೋಟೋ ಎಲ್ಲ ಸೇರಿ. ಆಪಲ್‌ನದು 5 ಜಿಬಿ. ಎಷ್ಟು ತುಂಬಿದೆ ಅಂತ ಆಗಾಗ ನೋಡಿ. ನಿಮ್ಮದಷ್ಟೇ ಅಲ್ಲ, ಊರಿನಲ್ಲಿರುವ ಅಪ್ಪ ಅಮ್ಮನ ಫೋನನ್ನೂ ನೋಡಿ. ಕಳೆದುಕೊಳ್ಳಬಾರದ ಫೋಟೋಗಳನ್ನು ಒಂದು ಹಾರ್ಡ್ ಡಿಸ್ಕಿನಲ್ಲೂ ಇಡಿ. ಏನನ್ನಾದರೂ ಅಳಿಸುವ ಮುಂಚೆ ಇನ್ನೊಂದು ಫೋನಿನಿಂದ ಅದೇ ಖಾತೆ ತೆರೆದು, ಆ ಫೈಲು ಅಲ್ಲಿ ಕಾಣುತ್ತದೆಯೇ ಅಂತ ಪರೀಕ್ಷಿಸಿ. ಎರಡು ನಿಮಿಷದ ಕೆಲಸ. ನಾನು ಮಾಡದೆ ಬಿಟ್ಟದ್ದು ಇದನ್ನೇ.

ಕಾಕಾ ಮೊನ್ನೆ ಕ್ಲೌಡಿಗೆ ಸೇರಿದರು. ಪ್ರತಿ ತಿಂಗಳ ಒಂದನೇ ತಾರೀಖು ಲೆಕ್ಕ ಇಳಿಸಿ ಪೆನ್ ಡ್ರೈವಿಗೆ ಹಾಕಿ ಮನೆಯ ಟ್ರಂಕಿನಲ್ಲಿ ಇಡುತ್ತಾರಂತೆ. “ಬಿತ್ತೂ ಬೀಜ” ಅಂದರು.

ಹದಿನಾಲ್ಕು ವಿಡಿಯೋಗಳಲ್ಲಿ ನಮಗೆ ಉಳಿದದ್ದು ಒಂದು. ಅದನ್ನು ಅವ್ವ ಅಂದೇ ನನ್ನ ತಂಗಿಗೆ ವಾಟ್ಸಾಪಿನಲ್ಲಿ ಕಳಿಸಿದ್ದಳು. ನಲವತ್ತು ಸೆಕೆಂಡು. ಅಪ್ಪ ಎಂಜಿನ್ನಿನ ಹ್ಯಾಂಡಲ್ ತಿರುಗಿಸುತ್ತಾನೆ, ಅದು ಎರಡು ಸಲ ಕೆಮ್ಮುತ್ತದೆ, ಚಾಲೂ ಆಗುವ ಮೊದಲೇ ವಿಡಿಯೋ ಮುಗಿಯುತ್ತದೆ. ಈಗ ಅದು ಮೂರು ಕಡೆ ಇದೆ. ಪ್ರತಿ ತಿಂಗಳ ಮೊದಲ ಭಾನುವಾರ ಮೂರನ್ನೂ ತೆರೆದು ನೋಡುತ್ತೇನೆ.