ಆಲಿಸುವ ಯಂತ್ರ

1864ರಲ್ಲಿ ಮೊದಲ ರೈಲನ್ನು ಕಂಡ ಬೆಂಗಳೂರು ದಂಡು ನಿಲ್ದಾಣದಲ್ಲಿ ಒಬ್ಬ ತಾಯಿ ಇಳಿಯುತ್ತಾಳೆ. ಬ್ಯಾಟರಿ ಉಳಿಯಲೆಂದು ದಾರಿಯುದ್ದಕ್ಕೂ ಆರಿಸಿಟ್ಟಿದ್ದ ಮೊಬೈಲನ್ನು ಮತ್ತೆ ಚಾಲೂ ಮಾಡುತ್ತಾಳೆ. ಶಿವಾಜಿನಗರದ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆಯ ಸಮಯ. ತೆರೆಯ ಮೇಲೆ ಮಾತ್ರ ಜಾಲವನ್ನು ಹುಡುಕುತ್ತಿರುವ ಸೂಚನೆ. ಆ ಅರೆನಿಮಿಷವೇ ಅವಳಿಗೊಂದು ಯುಗ.

ಆ ಹೊತ್ತಿನಲ್ಲಿ ಯಂತ್ರವು ಮಾಡುವುದೇನು? ಅದು ಮೊದಲು ಮಾತನಾಡುವುದಿಲ್ಲ, ಆಲಿಸುತ್ತದೆ. ಸುತ್ತಲಿನ ಗೋಪುರಗಳು ತಮ್ಮ ಗುರುತನ್ನು ಎಡೆಬಿಡದೆ ಸಾರುತ್ತಿರುತ್ತವೆ. ಹಿಂದೆ ಬಳಸಿದ ಆವರ್ತನವನ್ನು ನೆನಪಿನಿಂದ ತೆಗೆದು ಯಂತ್ರವು ಮೊದಲು ಅಲ್ಲಿ ಕಿವಿಗೊಡುತ್ತದೆ. ಅಲ್ಲಿ ದನಿಯಿಲ್ಲದಿದ್ದರೆ 900, 1800, 2300 ಮೆಗಾಹರ್ಟ್ಸ್ ಮೊದಲಾದ ಪಟ್ಟಿಗಳನ್ನು ಒಂದೊಂದಾಗಿ ಶೋಧಿಸುತ್ತದೆ. 2ಜಿ, 4ಜಿ, 5ಜಿ ಎಂಬ ವಿಧಾನಗಳಲ್ಲಿ ತನಗೆ ತಿಳಿದವನ್ನು ಪರೀಕ್ಷಿಸುತ್ತದೆ. ಕೇಳಿದ ಹೆಸರು ಸಿಮ್ ಕಾರ್ಡಿನಲ್ಲಿರುವ ಹೆಸರಿಗೆ ಹೊಂದಿದರೆ ತನ್ನ ಮೊದಲ ಮಾತನ್ನು ಗೋಪುರಕ್ಕೆ ಕಳುಹಿಸುತ್ತದೆ.

ರಸೆಲ್ ಮಾರುಕಟ್ಟೆಗೆ ಬಂದ ಹೊಸಬನೂ ಹೀಗೆಯೇ ಅಲ್ಲವೆ? ಕನ್ನಡ, ತಮಿಳು, ಉರ್ದು ದನಿಗಳ ನಡುವೆ ತನ್ನ ನುಡಿಯನ್ನು ಗುರುತಿಸಿ, ಆಮೇಲೆ ಬೆಲೆ ಕೇಳುತ್ತಾನೆ.

ಹುಡುಕಾಟಕ್ಕೆ ಬೆಲೆಯುಂಟು. ಜಾಲವಿಲ್ಲದ ಎಡೆಯಲ್ಲಿ ಮತ್ತೆ ಮತ್ತೆ ಅರಸಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಆದ್ದರಿಂದ ಯಂತ್ರವು ನಡುನಡುವೆ ವಿರಮಿಸುತ್ತದೆ. ತನ್ನ ಜಾಲ ಸಿಗದಿದ್ದರೂ ಪರರ ಜಾಲದ ದನಿ ಕೇಳಿದರೆ, 112ಕ್ಕೆ ತುರ್ತು ಕರೆ ಮಾಡಲು ಅವಕಾಶವಿದೆ. ಆಪತ್ತಿನಲ್ಲಿ ನೆರೆಯವನ ಬಾಗಿಲೂ ತೆರೆಯುತ್ತದೆ.

ತೆರೆಯ ಮೇಲೆ ಗೆರೆಗಳು ಮೂಡುತ್ತವೆ. ಗಂಟೆ ಬಾರಿಸುತ್ತದೆ. ಮಗಳ ಕ್ಷೀಣ ದನಿಯ ಹಿಂದೆ, ಇನ್ನೂ ಹೆಸರಿಲ್ಲದ ಶಿಶುವಿನ ಅಳು ಅವಳಿಗೆ ಕೇಳಿಸುತ್ತದೆ.