ಬೀಗದ ಕೈ ಯಾರ ಬಳಿ ಇರಬೇಕು?

ಮನೆಯಲ್ಲೇ ನಡೆಯುವ ಸಣ್ಣ ಉದ್ಯಮಕ್ಕೂ, ಊರಿನ ವಾಚನಾಲಯಕ್ಕೂ ಜಾಲತಾಣವೊಂದು ಬೇಕೆನಿಸುವ ಕಾಲವಿದು. ದೊಡ್ಡ ಕಂಪನಿಗಳ ವೆಚ್ಚವನ್ನು ಭರಿಸಲಾರದವರು ಸ್ವತಂತ್ರವಾಗಿ ದುಡಿಯುವ ವಿನ್ಯಾಸಕರನ್ನು ಅರಸುವುದು ಸಹಜ. ಅವರಲ್ಲಿ ಪ್ರತಿಭಾವಂತರೂ ಪ್ರಾಮಾಣಿಕರೂ ಬಹಳ ಮಂದಿ ಇದ್ದಾರೆ. ಆದರೂ ಕೆಲಸವನ್ನು ಒಪ್ಪಿಸುವ ಮುನ್ನ ಗೃಹಸ್ಥರು ವಿಚಾರಿಸಬೇಕಾದ ಸಂಗತಿಗಳು ಕೆಲವಿವೆ.

ವ್ಯಾಕರಣ, ಹಸ್ತಪ್ರತಿಗಳ ನಡುವೆ ಬೆಳೆದ ನಾವು ಈ ವಿಷಯಕ್ಕೆ ಬರಲು ಕಾರಣವುಂಟು. ಇಳಕಲ್ಲಿನ ನೇಕಾರ ಕುಟುಂಬವೊಂದು ತಮ್ಮ ಜಾಲತಾಣಕ್ಕೆಂದು ಕೊಂಡಿ ನೇಯ್ಗೆಯನ್ನೂ ತೋಪುತೆನೆ ಸೆರಗನ್ನೂ ಕುರಿತು ನಮ್ಮಿಂದ ಲೇಖನ ಬರೆಯಿಸಿಕೊಂಡಿತ್ತು. ಕೆಲವು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಆಮೇಲೆ ವಿನ್ಯಾಸಕರು ಬೇರೆ ಉದ್ಯೋಗ ಹಿಡಿದರು. ಜಾಲತಾಣದ ಹೆಸರು ಅವರ ಹೆಸರಿನಲ್ಲೇ ನೋಂದಣಿಯಾಗಿತ್ತು. ನವೀಕರಣದ ಸೂಚನೆಗಳೆಲ್ಲ ಅವರ ಇ-ಮೇಲ್ ವಿಳಾಸಕ್ಕೇ ಹೋದವು. ಅವಧಿ ಮುಗಿದು ಆ ಹೆಸರು ಪರರ ಪಾಲಾಯಿತು. ರಸೀದಿ, ಚೀಲಗಳ ಮೇಲೆ ಅಚ್ಚಾಗಿದ್ದ ವಿಳಾಸ ನಿರುಪಯುಕ್ತವಾಯಿತು. ವಿನ್ಯಾಸಕರು ವಂಚಕರಲ್ಲ, ಬರವಣಿಗೆಯ ಕರಾರು ಇರಲಿಲ್ಲ, ಅಷ್ಟೆ.

ಆದುದರಿಂದ ಮೊದಲ ಮಾತು: ಡೊಮೈನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲಾರರು. ಸಾಮಾನ್ಯವಾಗಿ 1ರಿಂದ 10 ವರ್ಷಗಳ ಅವಧಿಗೆ ನೋಂದಾಯಿಸಿ, ಮತ್ತೆ ಮತ್ತೆ ನವೀಕರಿಸಬೇಕು. ಆ ನೋಂದಣಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇ-ಮೇಲ್ ಮತ್ತು ದೂರವಾಣಿಯೊಂದಿಗೆ ಇರಲಿ. ಕಡತಗಳನ್ನಿರಿಸುವ ಹೋಸ್ಟಿಂಗ್ ಖಾತೆಯೂ ಹಾಗೆಯೇ. ವಿನ್ಯಾಸಕರಿಗೆ ಕೆಲಸಕ್ಕೆ ಬೇಕಾದಷ್ಟು ಪ್ರವೇಶ ಕೊಟ್ಟರೆ ಸಾಕು. ಮನೆ ಕಟ್ಟಿದ ಮೇಸ್ತ್ರಿಯ ಹೆಸರಿಗೆ ಯಾರೂ ಮನೆಯ ಪತ್ರ ಮಾಡಿಸುವುದಿಲ್ಲವಷ್ಟೆ!

ಎರಡನೆಯದು ಹಕ್ಕಿನ ವಿಚಾರ. ಹಣ ಕೊಟ್ಟೊಡನೆ ವಿನ್ಯಾಸವೆಲ್ಲ ನಮ್ಮದೆಂದು ಅನೇಕರು ಭಾವಿಸುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ರಚಿಸಿದವನೇ ಮೊದಲ ಒಡೆಯ. ಸಂಬಳದ ನೌಕರನಿಗೆ ಅನ್ವಯಿಸುವ ನಿಯಮ ಸ್ವತಂತ್ರ ವಿನ್ಯಾಸಕನಿಗೆ ಅನ್ವಯಿಸದು. 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಸಹಿಯಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಕ್ಕೇ ಸೀಮಿತ. ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಇವೆರಡನ್ನೂ ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಿಸಿರಿ.

ಮೂರನೆಯದು ಕನ್ನಡದ ಪ್ರಶ್ನೆ. ವಿನ್ಯಾಸಕರು ಹಿಂದೆ ಮಾಡಿದ ಜಾಲತಾಣಗಳನ್ನು ನಿಮ್ಮ ಮೊಬೈಲಿನಲ್ಲೇ ತೆರೆದು ನೋಡಿರಿ. ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ? ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯ ಆ ಫಾಂಟು ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಪಠ್ಯವು ಯೂನಿಕೋಡಿನಲ್ಲಿದ್ದರೆ ಮಾತ್ರ ಹುಡುಕಿದವರಿಗೆ ಸಿಗುತ್ತದೆ. ಅಕ್ಷರಗಳನ್ನು ಚಿತ್ರವಾಗಿ ಅಂಟಿಸುವುದು ಪರಿಹಾರವಲ್ಲ.

ಕೊನೆಯದಾಗಿ, ನಾವೂ ನ್ಯಾಯವಂತರಾಗಿರಬೇಕು. ಎಷ್ಟು ಪುಟಗಳು, ಎಷ್ಟು ಸಲ ತಿದ್ದುಪಡಿ, ಮುಂದಿನ ನಿರ್ವಹಣೆಗೆ ಏನು ಸಂಭಾವನೆ ಎಂಬುದನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಹಣವನ್ನು ಹಂತಹಂತವಾಗಿ ಕೊಡುವುದು ಉಭಯರಿಗೂ ಕ್ಷೇಮ. "ಇದೊಂದು ಸಣ್ಣ ಬದಲಾವಣೆ" ಎನ್ನುತ್ತ ದಿನಗಟ್ಟಲೆ ದುಡಿಸಿಕೊಂಡು ಕೂಲಿ ತಪ್ಪಿಸುವುದು ಸಲ್ಲದು. ಕೆಲಸ ಮುಗಿದ ದಿನ ಪಾಸ್‌ವರ್ಡುಗಳನ್ನೂ ಸಮಸ್ತ ಕಡತಗಳ ಪ್ರತಿಯನ್ನೂ ಪಡೆದು, ಬಾಕಿಯನ್ನು ಅಂದೇ ಸಲ್ಲಿಸಿರಿ.

ಕರಾರು ಅಪನಂಬಿಕೆಯ ಗುರುತಲ್ಲ. ವಿಶ್ವಾಸ ಕೆಡದಂತೆ ಕಟ್ಟಿದ ಬೇಲಿ.